ಎರಡು ಬಿಂದುಗಳ ನಡುವೆ: ದೂರ, ಮಧ್ಯಬಿಂದು ಕುರಿತ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ನಿರ್ದೇಶಾಂಕ ಸಮತಲದವೇ ಹೆಚ್ಚು. ಕೇಳಿದವರಲ್ಲಿ ಶಾಲಾ ಮಕ್ಕಳಿದ್ದಾರೆ, ಅವರಿಗೆ ಪಾಠ ಹೇಳಿಕೊಡುವ ತಂದೆ-ತಾಯಿಗಳಿದ್ದಾರೆ, ಪ್ರೋಗ್ರಾಮ್ ಬರೆಯುವವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದೂರದ ಸೂತ್ರ ಬಾಯಿಪಾಠ ಇದೆ. ಆದರೆ ಋಣ ಸಂಖ್ಯೆ ಬಂದ ಕಡೆಯೆಲ್ಲ ಉತ್ತರ ತಪ್ಪುತ್ತದೆ. ಎ(−3, 4), ಬಿ(5, −2) ಬಿಂದುಗಳ ನಡುವಿನ ದೂರ ನನಗೆ 2√2 ಬಂತು. ಪುಸ್ತಕದಲ್ಲಿ 10 ಎಂದಿದೆ.

ಉತ್ತರ: ಪುಸ್ತಕ ಸರಿ. ಸೂತ್ರ ಹೇಳುವುದು ಇಷ್ಟು: ಎರಡು ಎಕ್ಸ್‌ಗಳ ಅಂತರದ ವರ್ಗಕ್ಕೆ ಎರಡು ವೈಗಳ ಅಂತರದ ವರ್ಗವನ್ನು ಕೂಡಿ ವರ್ಗಮೂಲ ತೆಗೆಯಿರಿ. ನೀವು 5ರಿಂದ 3 ಕಳೆದು 2 ಎಂದೂ, 4ರಿಂದ 2 ಕಳೆದು 2 ಎಂದೂ ಬರೆದಿದ್ದೀರಿ. √(4 + 4) ಎಂದರೆ √8, ಅಂದರೆ 2√2. ನಿರ್ದೇಶಾಂಕದ ಹಿಂದಿದ್ದ ಋಣ ಚಿಹ್ನೆಯೇ ಕಳೆಯುವ ಚಿಹ್ನೆ ಎಂದು ಕಣ್ಣು ಮೋಸಹೋಗಿದೆ. 5 − (−3) ಎಂದು ಆವರಣ ಹಾಕಿ ಬರೆದಿದ್ದರೆ ಎರಡು ಚಿಹ್ನೆಗಳೂ ಬೇರೆಬೇರೆಯಾಗಿ ಕಾಣುತ್ತಿದ್ದವು.

ನಮ್ಮ ಸಲಹೆ ಇಷ್ಟೇ: ಸೂತ್ರ ಬರೆಯುವ ಮೊದಲು ಎರಡು ಅಂತರಗಳನ್ನು ಬರೆಯಿರಿ. ಒಂದು ಅಡ್ಡ ಅಂತರ, ಇನ್ನೊಂದು ಲಂಬ ಅಂತರ. −3ರಿಂದ ಸೊನ್ನೆಗೆ ಮೂರು ಮನೆ, ಸೊನ್ನೆಯಿಂದ 5ಕ್ಕೆ ಐದು ಮನೆ. ಅಡ್ಡ ಅಂತರ 8. ಮೇಲೆ 4ರಿಂದ ಸೊನ್ನೆಗೆ ನಾಲ್ಕು, ಸೊನ್ನೆಯಿಂದ ಕೆಳಗೆ −2ಕ್ಕೆ ಎರಡು. ಲಂಬ ಅಂತರ 6. ಸೊನ್ನೆಯ ಆಚೆ-ಈಚೆ ಇದ್ದರೆ ಅಂಕಿಗಳು ಕೂಡುತ್ತವೆ, ಒಂದೇ ಕಡೆ ಇದ್ದರೆ ದೊಡ್ಡದರಿಂದ ಚಿಕ್ಕದು ಕಳೆಯುತ್ತದೆ. ಈಗ ಸೂತ್ರಕ್ಕೆ ಉಳಿದ ಕೆಲಸ ಸ್ವಲ್ಪವೇ: 64 + 36 = 100, ವರ್ಗಮೂಲ 10.

ಉತ್ತರ ಸರಿಯೇ ಎಂದು ನೋಡಲು ಒಂದು ಪರೀಕ್ಷೆಯೂ ಇದೆ. ದೂರ ಯಾವತ್ತೂ ಎರಡು ಅಂತರಗಳಲ್ಲಿ ದೊಡ್ಡದಕ್ಕಿಂತ ಕಡಿಮೆಯಾಗದು, ಆ ದೊಡ್ಡದರ √2 ಪಟ್ಟನ್ನು, ಎಂದರೆ ಸುಮಾರು 1.41 ಪಟ್ಟನ್ನು, ಮೀರದು. ಎರಡು ಅಂತರಗಳೂ ಸಮವಾಗಿದ್ದಾಗ ಮಾತ್ರ ಆ ಮೇಲಿನ ಗಡಿ ಮುಟ್ಟುತ್ತದೆ. ಇಲ್ಲಿ ದೊಡ್ಡ ಅಂತರ 8. ಉತ್ತರ 8ಕ್ಕೂ 11.3ಕ್ಕೂ ನಡುವೆ ಬರಲೇಬೇಕು. 2√2 ಎಂದರೆ ಸುಮಾರು 2.8. ಅದು ತಪ್ಪೆಂದು ಪುಸ್ತಕದ ಕೊನೆಯ ಪುಟ ತೆರೆಯದೆಯೇ ಗೊತ್ತಾಗುತ್ತದೆ.

ಕ್ಯಾಲ್ಕುಲೇಟರ್ ಬಳಸುವವರು ಎರಡು ಕಡೆ ಜಾರುತ್ತಾರೆ. ಹೆಚ್ಚಿನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ −3² ಎಂದು ಒತ್ತಿದರೆ −9 ಬರುತ್ತದೆ, ಏಕೆಂದರೆ ಅದು ಮೊದಲು 3ನ್ನು ವರ್ಗ ಮಾಡಿ ಆಮೇಲೆ ಚಿಹ್ನೆ ಹಾಕುತ್ತದೆ. (−3)² ಎಂದೇ ಒತ್ತಬೇಕು. ಇನ್ನೊಂದು, √ ಒತ್ತಿ ಆವರಣ ತೆರೆಯದೆ 9 + 16 ಎಂದು ಹಾಕುವುದು; ಆಗ 9ಕ್ಕೆ ಮಾತ್ರ ವರ್ಗಮೂಲ ಸಿಕ್ಕಿ 3 + 16 = 19 ಬರಬಹುದು.

ಪ್ರಶ್ನೆ: √(9 + 16) ಅನ್ನು √9 + √16 ಎಂದು ಬಿಡಿಸಿ 7 ಎಂದರೆ ಏನು ತಪ್ಪು?

ಉತ್ತರ: 7 ಎಂಬುದು ಅಡ್ಡ ಮೂರು, ಮೇಲಕ್ಕೆ ನಾಲ್ಕು ಮನೆ ಗೆರೆಗಳ ಮೇಲೆಯೇ ನಡೆದ ದಾರಿಯ ಉದ್ದ. ನಮಗೆ ಬೇಕಾದದ್ದು ಓರೆಯಾಗಿ ನೇರ ಹೋದರೆ ಎಷ್ಟು ಎಂಬುದು, ಅದು 5. ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಯಾವಾಗಲೂ ಹೆಚ್ಚು. ಹಾಗಾಗಿ ವರ್ಗಮೂಲವನ್ನು ಕೂಡುವ ಚಿಹ್ನೆಯ ಮೇಲೆ ಹಂಚುವಂತಿಲ್ಲ. ಗುಣಾಕಾರದ ಮೇಲೆ ಹಂಚಬಹುದು: √52 = √4 × √13 = 2√13.

ಪ್ರಶ್ನೆ: ಯಾವ ಬಿಂದುವನ್ನು ಮೊದಲನೆಯದು ಎಂದು ತೆಗೆದುಕೊಳ್ಳಬೇಕು?

ಉತ್ತರ: ದೂರಕ್ಕೆ ಯಾವುದಾದರೂ ಆದೀತು. ವರ್ಗ ಮಾಡಿದ ಮೇಲೆ −8, 8 ಎರಡೂ 64. ಮಧ್ಯಬಿಂದುವಿಗೂ ಅಷ್ಟೇ. ಆದರೆ ಒಂದೇ ಬಿಂದುವಿನ ಎಕ್ಸ್‌ನಿಂದ ಅದರದೇ ವೈ ಕಳೆಯಬೇಡಿ. ಅವಸರದಲ್ಲಿ (−3 − 4)² ಎಂದು ಬರೆದ ಉತ್ತರ ಪತ್ರಿಕೆಗಳು ಕಡಿಮೆಯಿಲ್ಲ. ಬಿಂದುಗಳನ್ನು ಒಂದರ ಕೆಳಗೊಂದು ಬರೆದು, ಕಂಬಸಾಲಿನಲ್ಲಿ ಮೇಲಿನಿಂದ ಕೆಳಗೆ ಕಳೆಯಿರಿ. ಇಳಿಜಾರು (ವೈಗಳ ಅಂತರವನ್ನು ಎಕ್ಸ್‌ಗಳ ಅಂತರದಿಂದ ಭಾಗಿಸಿದ್ದು) ಕಂಡುಹಿಡಿಯುವಾಗ ಮಾತ್ರ ಕ್ರಮ ಮುಖ್ಯ: ಅಂಶದಲ್ಲಿ ಬಿ ಮೊದಲಾದರೆ ಛೇದದಲ್ಲೂ ಬಿ ಮೊದಲೇ ಬರಬೇಕು.

ಪ್ರಶ್ನೆ: ಗ್ರಾಫ್ ಹಾಳೆಯಲ್ಲಿ ಎ(1, 2), ಬಿ(7, 10) ಗುರುತಿಸಿದೆ. ಸೂತ್ರದಂತೆ ದೂರ 10. ಅಳತೆಪಟ್ಟಿಯಲ್ಲಿ ಅಳೆದರೆ 7.2 ಸೆಂ.ಮೀ. ಮಾತ್ರ. ಆದರೆ ಮಧ್ಯಬಿಂದು (4, 6) ಮಾತ್ರ ಗೆರೆಯ ಸರಿಯಾದ ನಡುವೆ ಕೂತಿದೆ. ಒಂದು ಸರಿ, ಒಂದು ತಪ್ಪು ಹೇಗೆ?

ಉತ್ತರ: ಬಹಳ ಒಳ್ಳೆಯ ಗಮನಿಕೆ. ನಿಮ್ಮ ಹಾಳೆಯ ಪ್ರಮಾಣವನ್ನು ನೋಡಿ. ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ ತೆಗೆದುಕೊಂಡಿರಬೇಕು. ಅಡ್ಡ ಅಂತರ 6 ಮಾನ, ಹಾಳೆಯ ಮೇಲೆ 6 ಸೆಂ.ಮೀ. ಲಂಬ ಅಂತರ 8 ಮಾನ, ಹಾಳೆಯ ಮೇಲೆ 4 ಸೆಂ.ಮೀ. ಮಾತ್ರ. √(36 + 16) = √52, ಸುಮಾರು 7.2. ನಿಮ್ಮ ಅಳತೆಪಟ್ಟಿ ಸುಳ್ಳು ಹೇಳಿಲ್ಲ. ಹಾಳೆ ಚಿತ್ರವನ್ನು ಒಂದು ದಿಕ್ಕಿನಲ್ಲಿ ಮಾತ್ರ ಕುಗ್ಗಿಸಿದೆ.

ಈ 7.2ನ್ನು ಯಾವುದಾದರೂ ಒಂದು ಸಂಖ್ಯೆಯಿಂದ ಗುಣಿಸಿ ಸರಿಪಡಿಸಬಹುದೇ? ಆಗದು. ಪೂರ್ತಿ ಅಡ್ಡಗೆರೆಯಾಗಿದ್ದರೆ 1ರಿಂದ ಗುಣಿಸಬೇಕಿತ್ತು, ಪೂರ್ತಿ ಲಂಬಗೆರೆಯಾಗಿದ್ದರೆ 2ರಿಂದ. ಓರೆಗೆರೆಗೆ ಅದರ ಓರೆಯನ್ನು ನೋಡಿಕೊಂಡು ಇವೆರಡರ ನಡುವಿನ ಬೇರೆ ಬೇರೆ ಗುಣಕ ಬೇಕಾಗುತ್ತದೆ. ಇದೇ ಹಾಳೆಯಲ್ಲಿ ವೃತ್ತವೊಂದರ ಬಿಂದುಗಳನ್ನು ಗುರುತಿಸಿ ನೋಡಿ. ಮೊಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತದೆ.

ಮಧ್ಯಬಿಂದು ಏಕೆ ಕೆಡಲಿಲ್ಲ? 8 ಮಾನದ ಅರ್ಧ 4 ಮಾನ, 4 ಸೆಂ.ಮೀ.ನ ಅರ್ಧ 2 ಸೆಂ.ಮೀ.; ಎಷ್ಟು ಕುಗ್ಗಿಸಿದರೂ ಅರ್ಧ ಅರ್ಧವಾಗಿಯೇ ಉಳಿಯುತ್ತದೆ. ಅಡ್ಡ ಅಂತರ ಲಂಬ ಅಂತರದ ಗೊಡವೆಗೆ ಹೋಗುವುದಿಲ್ಲ. ದೂರದ ಲೆಕ್ಕ ಹಾಗಲ್ಲ, ಅದು ಎರಡು ಅಂತರಗಳನ್ನೂ ಒಂದೇ ಮೊತ್ತಕ್ಕೆ ಸೇರಿಸುತ್ತದೆ. ಸೇರಿಸಬೇಕಾದರೆ ಎರಡಕ್ಕೂ ಒಂದೇ ಮಾನ ಇರಬೇಕು, ಅಕ್ಷಗಳ ನಡುವೆ ಲಂಬಕೋನವೂ ಇರಬೇಕು. ಈ ಎರಡು ಷರತ್ತು ಪಾಲಿಸದ ಕಡೆ ದೂರದ ಸೂತ್ರ ಒಂದು ಸಂಖ್ಯೆಯನ್ನು ಕೊಡುತ್ತದೆ, ಆದರೆ ಅದು ದೂರವಲ್ಲ. ಅಡ್ಡ ಅಕ್ಷದಲ್ಲಿ ಸೆಕೆಂಡ್, ಲಂಬ ಅಕ್ಷದಲ್ಲಿ ಮೀಟರ್ ಇರುವ ನಕ್ಷೆಯಲ್ಲಿ ಎರಡು ಬಿಂದುಗಳ 'ದೂರ' ಕೇಳುವುದಕ್ಕೇ ಅರ್ಥವಿಲ್ಲ; ಮಧ್ಯಬಿಂದು ಕೇಳಿದರೆ ಅರ್ಥವಿದೆ.

ಪ್ರಶ್ನೆ: ದೂರಕ್ಕೆ ಕಳೆಯುತ್ತೇವೆ, ಮಧ್ಯಬಿಂದುವಿಗೆ ಕೂಡುತ್ತೇವೆ. ಮಗಳು ಯಾವಾಗಲೂ ಅದಲು ಬದಲು ಮಾಡುತ್ತಾಳೆ. ನೆನಪಿಡಲು ದಾರಿ ಇದೆಯೇ?

ಉತ್ತರ: ನೆನಪಿಡಿಸುವುದಕ್ಕಿಂತ ಅರ್ಥ ಮಾಡಿಸುವುದು ಸುಲಭ. ಮೇಲಿನ ಎ(−3, 4), ಬಿ(5, −2)ಯನ್ನೇ ಇಟ್ಟುಕೊಳ್ಳಿ. ಎಯಿಂದ ಬಿಗೆ ಹೋಗಲು ಬಲಕ್ಕೆ 8, ಕೆಳಕ್ಕೆ 6 ನಡೆಯಬೇಕು. ಅರ್ಧ ದಾರಿ ಎಂದರೆ ಬಲಕ್ಕೆ 4, ಕೆಳಕ್ಕೆ 3. ಎಯಲ್ಲಿ ನಿಂತು ಅಷ್ಟು ನಡೆದರೆ −3 + 4 = 1, 4 − 3 = 1. ಮಧ್ಯಬಿಂದು (1, 1). ಸೂತ್ರದಲ್ಲಿ ಹಾಕಿದರೂ (−3 + 5)/2 = 1, (4 − 2)/2 = 1.

ಮಗಳು ಕಳೆದು ಎರಡರಿಂದ ಭಾಗಿಸಿದರೆ (4, −3) ಬರುತ್ತದೆ. ಅದು ಅರ್ಥವಿಲ್ಲದ ಸಂಖ್ಯೆಯೇನಲ್ಲ. ಅರ್ಧ ದಾರಿಗೆ ಎಷ್ಟು ನಡೆಯಬೇಕೆಂಬ ಅಳತೆ ಅದು. ಆದರೆ ಎಲ್ಲಿಂದ ಹೊರಟೆವು ಎಂಬುದನ್ನು ಅದಕ್ಕೆ ಸೇರಿಸಿಲ್ಲ. ಹೊರಟ ಜಾಗವನ್ನು ಸೇರಿಸಿದರೆ ಅದೇ ಮಧ್ಯಬಿಂದು. ಹೀಗೆ ಒಮ್ಮೆ ಹಾಳೆಯ ಮೇಲೆ ಬೆರಳಿಟ್ಟು ನಡೆಸಿ ತೋರಿಸಿ. ತಾಳೆ ನೋಡುವುದೂ ಸುಲಭ: ಮಧ್ಯಬಿಂದುವಿನ ಎಕ್ಸ್ ಎರಡು ಎಕ್ಸ್‌ಗಳ ನಡುವೆ ಇರಬೇಕು, ವೈ ಎರಡು ವೈಗಳ ನಡುವೆ. ಇಲ್ಲಿ −3 ಎಂಬ ವೈ, −2ಕ್ಕಿಂತ ಕೆಳಗೆ ಜಾರಿದೆ; ತಪ್ಪು ಅಲ್ಲಿಯೇ ಸಿಕ್ಕಿತು.

ಒಂದು ತುದಿ, ಮಧ್ಯಬಿಂದು ಕೊಟ್ಟು ಇನ್ನೊಂದು ತುದಿ ಕೇಳಿದರೆ ಅದೇ ನಡಿಗೆಯನ್ನು ಇನ್ನೊಮ್ಮೆ ನಡೆದರಾಯಿತು. ಎ(−3, 4)ಯಿಂದ (1, 1)ಕ್ಕೆ ಬಲಕ್ಕೆ 4, ಕೆಳಕ್ಕೆ 3. ಇನ್ನೊಮ್ಮೆ ಅಷ್ಟೇ ಹೋದರೆ (5, −2). ಸಮೀಕರಣ ಬಿಡಿಸುವ ಅಗತ್ಯವೇ ಬೀಳದು.

ಪ್ರಶ್ನೆ: ಪಿ(−1, 4), ಕ್ಯೂ(5, 2) ಎರಡಕ್ಕೂ ಸಮದೂರದಲ್ಲಿ ಎಕ್ಸ್-ಅಕ್ಷದ ಮೇಲಿರುವ ಬಿಂದು ಬೇಕು. ಮಧ್ಯಬಿಂದು (2, 3). ಅಕ್ಷದ ಮೇಲೆ ಬೇಕೆಂದು ವೈಯನ್ನು ಸೊನ್ನೆ ಮಾಡಿ (2, 0) ಎಂದೆ. ಅಂಕ ಸಿಗಲಿಲ್ಲ.

ಉತ್ತರ: (2, 0)ಯಿಂದ ಪಿಗೆ ಅಂತರಗಳು 3, 4, ದೂರ 5. ಕ್ಯೂಗೆ ಅಂತರಗಳು 3, 2. ದೂರ √13, ಎಂದರೆ ಸುಮಾರು 3.6. ಸಮವಾಗಿಲ್ಲ.

ಸಮದೂರದ ಬಿಂದುಗಳು ಒಂದೆರಡಲ್ಲ, ಅವೆಲ್ಲ ಸೇರಿ ಒಂದು ಪೂರ್ತಿ ಸರಳರೇಖೆ: ಪಿಕ್ಯೂವಿನ ಲಂಬಾರ್ಧಕ, ಎಂದರೆ ಪಿಕ್ಯೂವನ್ನು ಲಂಬಕೋನದಲ್ಲಿ ಸರಿಯಾಗಿ ನಡುವೆ ಕತ್ತರಿಸುವ ರೇಖೆ. ಮಧ್ಯಬಿಂದು ಆ ರೇಖೆಯ ಮೇಲಿನ ಒಂದು ಬಿಂದು ಮಾತ್ರ. ನೀವು ಮಧ್ಯಬಿಂದುವಿನಿಂದ ನೇರ ಕೆಳಗೆ ಇಳಿದಿರಿ. ಆದರೆ ಲಂಬಾರ್ಧಕ ಇಲ್ಲಿ ಓರೆಯಾಗಿದೆ, ಆದ್ದರಿಂದ ಅದನ್ನು ಬಿಟ್ಟು ಹೊರಗೆ ಬಂದಿರಿ. ಪಿ, ಕ್ಯೂ ಒಂದೇ ಎತ್ತರದಲ್ಲಿದ್ದಿದ್ದರೆ ಮಾತ್ರ ನೇರ ಇಳಿದದ್ದು ಸರಿಯಾಗುತ್ತಿತ್ತು.

ಬೇಕಾದ ಬಿಂದುವನ್ನು (ಕ, 0) ಎನ್ನಿ. ದೂರಗಳು ಸಮವಾದರೆ ದೂರಗಳ ವರ್ಗಗಳೂ ಸಮ. ಆದ್ದರಿಂದ ವರ್ಗಮೂಲವನ್ನು ಮೊದಲ ಸಾಲಿನಲ್ಲೇ ಬಿಟ್ಟುಬಿಡಿ.

(ಕ + 1)² + 16 = (ಕ − 5)² + 4
ಕ² + 2ಕ + 17 = ಕ² − 10ಕ + 29
12ಕ = 12, ಕ = 1

ಬಿಂದು (1, 0). ಪಿಗೆ ಅಂತರಗಳು 2, 4. ಕ್ಯೂಗೆ 4, 2. ಎರಡೂ √20. ಕ² ಎರಡು ಕಡೆಯೂ ರದ್ದಾಗಲೇಬೇಕು. ಆಗದಿದ್ದರೆ ಎಲ್ಲೋ ಆವರಣ ಬಿಡಿಸುವಾಗ ಎಡವಿದ್ದೀರಿ ಎಂದರ್ಥ.

ಇದರ ಜೊತೆಗೇ ಇನ್ನೊಬ್ಬರು, ಎಂಎ = ಎಂಬಿ ಎಂದು ತೋರಿಸಿದರೆ ಎಂ ಮಧ್ಯಬಿಂದು ಎಂದು ಸಾಧಿಸಿದಂತೆಯೇ ಎಂದು ಕೇಳಿದ್ದಾರೆ. ಸಾಲದು. (0, 0), (6, 0) ಎರಡಕ್ಕೂ (3, 4) ಸರಿಯಾಗಿ 5 ದೂರದಲ್ಲಿದೆ, ಆದರೆ ಅದು ರೇಖಾಖಂಡದ ಮೇಲೆಯೇ ಇಲ್ಲ.

ಪ್ರಶ್ನೆ: ಮೂರು ಬಿಂದುಗಳು ಸರಳರೇಖಾಗತವೇ ಎಂದು ನೋಡಲು ಎಬಿ + ಬಿಸಿ = ಎಸಿ ಬಳಸುತ್ತೇನೆ. ಇದನ್ನು ನಂಬಬಹುದೇ?

ಉತ್ತರ: ಕರಣಿಗಳನ್ನು (√13ರಂಥ, ಪೂರ್ತಿ ಬಿಡಿಸಲಾಗದ ವರ್ಗಮೂಲಗಳನ್ನು) ಕರಣಿಗಳಾಗಿಯೇ ಇಟ್ಟುಕೊಂಡರೆ ನಂಬಬಹುದು. ದಶಮಾಂಶಕ್ಕೆ ಇಳಿಸಿದರೆ ನಂಬಬೇಡಿ. ಎ(0, 0), ಬಿ(50, 1), ಸಿ(100, 0) ತೆಗೆದುಕೊಳ್ಳಿ. ಬಿ ಒಂದು ಮನೆ ಮೇಲಿದೆ, ಮೂರೂ ಒಂದೇ ರೇಖೆಯಲ್ಲಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಎಬಿ = √2501 = 50.00999… ಒಂದು ದಶಮಾಂಶ ಸ್ಥಾನಕ್ಕೆ ಇಳಿಸಿದರೆ 50.0. ಬಿಸಿಯೂ 50.0. ಎಸಿ 100. ಮೊತ್ತ ಸರಿಹೊಂದಿತು, ತೀರ್ಮಾನ ತಪ್ಪಿತು! ಉದ್ದ ತ್ರಿಭುಜ ತೆಳ್ಳಗಿದ್ದಷ್ಟೂ ಈ ಪರೀಕ್ಷೆಯ ಕಣ್ಣು ಮಂದ. ಇಳಿಜಾರು ಹೋಲಿಸಿ: ಎಬಿಯದು 1/50, ಬಿಸಿಯದು −1/50. ಚಿಹ್ನೆಯೇ ಬೇರೆ.

ಪ್ರಶ್ನೆ: (1, 1), (5, 2), (6, 5) ಒಂದು ಸಮಾಂತರ ಚತುರ್ಭುಜದ ಮೂರು ಶೃಂಗಗಳು. ನಾಲ್ಕನೆಯದು ನನಗೊಂದು, ಗೆಳತಿಗೆ ಇನ್ನೊಂದು ಬಂತು.

ಉತ್ತರ: ಇಬ್ಬರದೂ ಸರಿಯಿರಬಹುದು. ಸಮಾಂತರ ಚತುರ್ಭುಜದ ಕರ್ಣಗಳು ಒಂದೇ ಮಧ್ಯಬಿಂದುವಿನಲ್ಲಿ ಸಂಧಿಸುತ್ತವೆ. ಆದ್ದರಿಂದ ಎದುರುಬದುರಿನ ಎರಡು ಶೃಂಗಗಳನ್ನು ಕೂಡಿ ಉಳಿದದ್ದನ್ನು ಕಳೆದರೆ ನಾಲ್ಕನೆಯದು ಸಿಗುತ್ತದೆ. ಯಾವೆರಡು ಎದುರುಬದುರು ಎಂದು ಹೇಳದಿದ್ದರೆ ಮೂರು ಉತ್ತರಗಳಿವೆ: (2, 4), (0, −2), (10, 6). ಶೃಂಗಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು 'ಎಬಿಸಿಡಿ ಸಮಾಂತರ ಚತುರ್ಭುಜ' ಎಂದಿದ್ದರೆ ಎ, ಸಿ ಎದುರುಬದುರು. ಆಗ (2, 4) ಒಂದೇ ಉತ್ತರ.

ಪ್ರಶ್ನೆ: ಎ(2, 1), ಬಿ(14, 7) ರೇಖಾಖಂಡವನ್ನು 1:2 ಅನುಪಾತದಲ್ಲಿ ವಿಭಾಗಿಸಿದರೆ (10, 5) ಬಂತು. ತಪ್ಪೆಲ್ಲಿ?

ಉತ್ತರ: ಗುಣಕಗಳು ಅದಲುಬದಲಾಗಿವೆ. ಎಯಿಂದ 1 ಪಾಲು, ಬಿಯಿಂದ 2 ಪಾಲು ಎಂದರೆ ಬಿಂದು ಎಗೆ ಹತ್ತಿರ. ಹತ್ತಿರದ್ದಕ್ಕೇ ದೊಡ್ಡ ಗುಣಕ. (2×2 + 1×14)/3 = 6, (2×1 + 1×7)/3 = 3. ಬಿಂದು (6, 3). ಅಂತರ 12, 6ರ ಮೂರನೆಯ ಒಂದು 4, 2. ಎಗೆ ಅದನ್ನು ಕೂಡಿದರೂ (6, 3).

ಪ್ರಶ್ನೆ: ಪ್ರೋಗ್ರಾಮ್‌ನಲ್ಲಿ ಸಾವಿರಾರು ಬಿಂದುಗಳಲ್ಲಿ ಅತಿ ಹತ್ತಿರದ್ದನ್ನು ಹುಡುಕಬೇಕು. ಕೆಲವೊಮ್ಮೆ ದೂರದ ವರ್ಗವೇ ಋಣ ಸಂಖ್ಯೆ ಬರುತ್ತಿದೆ! ಪರದೆಯಲ್ಲಿ ವೈ ಕೆಳಮುಖವಾಗಿ ಹೆಚ್ಚುವುದೇ ಕಾರಣವೇ?

ಉತ್ತರ: ಅಲ್ಲ. ವೈ ಯಾವ ಕಡೆ ಹೆಚ್ಚಿದರೂ ಅಂತರದ ವರ್ಗ ಬದಲಾಗದು. ನೀವು 32 ಬಿಟ್ ಪೂರ್ಣಾಂಕ ಬಳಸುತ್ತಿರಬೇಕು. ಅದರ ಗರಿಷ್ಠ ಬೆಲೆ 2,147,483,647. ಅಂತರ 50,000 ಆದರೆ ವರ್ಗ 2,500,000,000. ಪಾತ್ರೆ ತುಂಬಿ ಚೆಲ್ಲಿ, ಚಿಹ್ನೆ ಮಗುಚುತ್ತದೆ. ವರ್ಗ ಮಾಡುವ ಮೊದಲೇ 64 ಬಿಟ್‌ಗೆ ಬದಲಿಸಿ. ವರ್ಗ ಮಾಡಿದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಕೆಟ್ಟಿರುತ್ತದೆ.

ಹತ್ತಿರದ್ದನ್ನು ಹುಡುಕಲು ವರ್ಗಮೂಲ ಬೇಕಿಲ್ಲ. ವರ್ಗ ಚಿಕ್ಕದಾದದ್ದರ ದೂರವೂ ಚಿಕ್ಕದು; ಕೊನೆಯಲ್ಲಿ ಗೆದ್ದ ಒಂದಕ್ಕೆ ಮಾತ್ರ ವರ್ಗಮೂಲ ತೆಗೆಯಿರಿ. ತುಂಬಾ ದೊಡ್ಡ ಅಥವಾ ತುಂಬಾ ಚಿಕ್ಕ ದಶಮಾಂಶ ಸಂಖ್ಯೆಗಳಿದ್ದರೆ ಹೆಚ್ಚಿನ ಭಾಷೆಗಳಲ್ಲಿ ಸಿದ್ಧವಾಗಿ ಸಿಗುವ 'ಹೈಪಾಟ್' ಎಂಬ ಫಂಕ್ಷನ್ ಬಳಸಿ, ಅದು ನಡುವಿನ ವರ್ಗಗಳು ಗಡಿ ಮೀರದಂತೆ ನೋಡಿಕೊಳ್ಳುತ್ತದೆ.

ಮಧ್ಯಬಿಂದುವಿಗೂ ಇದೇ ಎಚ್ಚರ ಬೇಕು. ಎರಡು ದೊಡ್ಡ ಧನ ಪೂರ್ಣಾಂಕಗಳನ್ನು ಕೂಡಿದ ಕೂಡಲೇ ಗಡಿ ಮೀರಬಹುದು. ಮೊದಲನೆಯದಕ್ಕೆ ಅಂತರದ ಅರ್ಧವನ್ನು ಕೂಡಿದರೆ ಆ ಭಯವಿಲ್ಲ. ಜೊತೆಗೆ ಪೂರ್ಣಾಂಕ ಭಾಗಾಕಾರದಲ್ಲಿ 7/2 ಎಂದರೆ 3. −7/2 ಎಂದರೆ ಸಿ, ಜಾವಾಗಳಲ್ಲಿ −3. ಪೈಥಾನ್‌ನ ಪೂರ್ಣಾಂಕ ಭಾಗಾಕಾರದಲ್ಲಿ −4. ಸೊನ್ನೆಯ ಆಚೆ-ಈಚೆ ಚಿತ್ರ ಒಂದು ಪಿಕ್ಸೆಲ್ ಅಲುಗಾಡುವುದಕ್ಕೆ ಹಲವು ಸಲ ಇದೇ ಕಾರಣ.

ಪ್ರಶ್ನೆ: ಫೋನಿನಲ್ಲಿ ಸಿಗುವ ಅಕ್ಷಾಂಶ, ರೇಖಾಂಶಗಳನ್ನು ಸೂತ್ರಕ್ಕೆ ಹಾಕಿ 111ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆಯೇ?

ಉತ್ತರ: ಸಮಭಾಜಕ ವೃತ್ತದ ಹತ್ತಿರ ಮಾತ್ರ. ಗ್ರಾಫ್ ಹಾಳೆಯ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ: ಎರಡು ದಿಕ್ಕಿನ ಮಾನ ಒಂದೇ ಅಲ್ಲ. ಒಂದು ಡಿಗ್ರಿ ಅಕ್ಷಾಂಶ ಎಲ್ಲಿಯಾದರೂ ಸುಮಾರು 111 ಕಿ.ಮೀ. ಒಂದು ಡಿಗ್ರಿ ರೇಖಾಂಶ ಮಾತ್ರ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಅದು 111 × ಕೊಸೈನ್(ಅಕ್ಷಾಂಶ). 60 ಡಿಗ್ರಿ ಅಕ್ಷಾಂಶದಲ್ಲಿ ಸರಿಯಾಗಿ ಅರ್ಧ, 55.5 ಕಿ.ಮೀ.

ಅಲ್ಲಿ ಎರಡು ಜಾಗಗಳ ಅಕ್ಷಾಂಶದ ಅಂತರ 0.03 ಡಿಗ್ರಿ, ರೇಖಾಂಶದ ಅಂತರ 0.08 ಡಿಗ್ರಿ ಇದೆಯೆನ್ನಿ. ಮೊದಲು ಕಿಲೋಮೀಟರಿಗೆ ತನ್ನಿ: 3.33, 4.44. ಆಮೇಲೆ ಸೂತ್ರ: 5.55 ಕಿ.ಮೀ. ನೀವು ಹೇಳಿದಂತೆ ಮಾಡಿದ್ದರೆ ಸುಮಾರು 9.5 ಕಿ.ಮೀ. ಬರುತ್ತಿತ್ತು. ಕೆಲವು ಹತ್ತು ಕಿಲೋಮೀಟರ್‌ವರೆಗೆ, ಧ್ರುವಗಳ ತೀರಾ ಹತ್ತಿರ ಅಲ್ಲದಿದ್ದರೆ, ಈ ವಿಧಾನ ಸಾಕು. ಖಂಡಾಂತರ ದೂರಕ್ಕೆ ಭೂಮಿಯ ಬಾಗು ಲೆಕ್ಕಕ್ಕೆ ಬರುತ್ತದೆ. ಗೋಳದ ಮೇಲಿನ ದೂರಕ್ಕಾಗಿಯೇ ಇರುವ ಹ್ಯಾವರ್ಸೈನ್ ಸೂತ್ರ ಬಳಸಬೇಕು.

ಸರಾಸರಿ ತೆಗೆದು ಮಧ್ಯಬಿಂದು ಹುಡುಕುವಾಗ 180 ಡಿಗ್ರಿ ರೇಖಾಂಶದ ಬಳಿ ಹುಷಾರಾಗಿರಿ. 170 ಪೂರ್ವ, 170 ಪಶ್ಚಿಮಗಳ ನಡುವೆ 20 ಡಿಗ್ರಿ ಮಾತ್ರ ಅಂತರ, ನಡುವಿನದು 180. ಆದರೆ 170, −170ರ ಸರಾಸರಿ ಸೊನ್ನೆ, ಭೂಮಿಯ ಆ ಕಡೆಯ ಮಗ್ಗುಲು! ಪಶ್ಚಿಮದ್ದನ್ನು 190 ಎಂದು ಬರೆದುಕೊಂಡು ಸರಾಸರಿ ತೆಗೆಯಿರಿ.

ಪ್ರಶ್ನೆ: ಮೂರು ಆಯಾಮಗಳಲ್ಲಿ?

ಉತ್ತರ: ಮೂರನೆಯ ಅಂತರದ ವರ್ಗವನ್ನೂ ಕೂಡಿ. ಅಂತರಗಳು 3, 4, 12 ಆದರೆ ನೆಲದ ಮೇಲಿನ ಓರೆ 5. ಆ 5 ಮತ್ತು ಎತ್ತರ 12 ಸೇರಿ ಇನ್ನೊಂದು ಲಂಬಕೋನ ತ್ರಿಭುಜ, ವಿಕರ್ಣ 13. ಮಧ್ಯಬಿಂದುವಿಗೆ ಮೂರನೆಯ ನಿರ್ದೇಶಾಂಕದ ಸರಾಸರಿಯನ್ನೂ ಬರೆಯಿರಿ.